ಸಹಿ ಹಾಕೋದಷ್ಟೇ ಕೆಲಸನಾ?

ಅಮೆರಿಕದ ಇಲಿನಾಯ್ ರಾಜ್ಯದ ಕಂಟ್ರೋಲರ್ (ಸರ್ಕಾರದ ಬಿಲ್ಲು ಪಾವತಿಸುವ ಅಧಿಕಾರಿ) ಸುಮ್ನೆ ಚೆಕ್ಕಿಗೆ ಸಹಿ ಹಾಕುವವರು, ಅದಕ್ಕೂ ಚುನಾವಣೆ ಯಾಕೆ ಅಂತ ಲೇಖನದಲ್ಲಿ ಕೇಳಿದ್ದೀರಿ. ನಾನಂತೂ ಒಪ್ಪುವುದಿಲ್ಲ. 2015ರಿಂದ 2017ರವರೆಗೆ ಗವರ್ನರ್ (ಅಲ್ಲಿ ರಾಜ್ಯದ ಆಡಳಿತ ಮುಖ್ಯಸ್ಥರು) ಮತ್ತು ಶಾಸಕರ ಜಗಳದಲ್ಲಿ ಅಲ್ಲಿ ಪೂರ್ತಿ ಬಜೆಟ್ಟೇ ಆಗಲಿಲ್ಲ, 2017ರ ನವೆಂಬರ್ ಹೊತ್ತಿಗೆ ಬಾಕಿ ಬಿಲ್ಲು 1,600 ಕೋಟಿ ಡಾಲರ್ ದಾಟಿತ್ತು. ಖಜಾನೆಯಲ್ಲಿ ದುಡ್ಡಿಲ್ಲದಾಗ ಯಾರಿಗೆ ಮೊದಲು ಕೊಡಬೇಕು, ಯಾರನ್ನು ಕಾಯಿಸಬೇಕು ಅಂತ ಬಹುಪಾಲು ತೀರ್ಮಾನಿಸಿದ್ದು ಇದೇ ಸಹಿ ಹಾಕುವವರು ಅಲ್ವಾ? 2016ರಲ್ಲಿ ಆಗಿನ ಕಂಟ್ರೋಲರ್ ಲೆಸ್ಲಿ ಮಂಗರ್ ಶಾಸಕರ ಸಂಬಳವನ್ನೂ ಉಳಿದ ಬಿಲ್ಲುಗಳ ಸಾಲಿನಲ್ಲೇ ನಿಲ್ಲಿಸಿದರು (ಓದಿ ಖುಷಿಯಾಗಿತ್ತು!). ಅವರನ್ನು ಆ ಹುದ್ದೆಯಲ್ಲಿ ಕೂರಿಸಿದ್ದು ಗವರ್ನರ್, ಆದರೆ ಅದೇ ವರ್ಷದ ನವೆಂಬರಿನಲ್ಲಿ ಜನ ಅವರ ಬದಲು ಸುಸಾನಾ ಮೆಂಡೋಜಾ ಅವರನ್ನು ಆರಿಸಿದರು. ನನ್ನ ತಕರಾರು ಬೇರೆಯೇ ಇದೆ. ಟ್ರೆಷರರ್ (ಖಜಾಂಚಿ) ಅಂತ ಇನ್ನೊಬ್ಬರನ್ನೂ ಅಲ್ಲಿ ಚುನಾಯಿಸುತ್ತಾರೆ, ಆ ಎರಡು ಆಫೀಸು ಸೇರಿಸಿ ಒಂದು ಮಾಡಿದರೆ ಖರ್ಚಾದರೂ ಉಳಿಯುತ್ತದಲ್ಲ, ಅದರ ಬಗ್ಗೆ ಬರೆಯಿರಿ.