ಔರಸ ಪುತ್ರರಿಲ್ಲದ ಮಾರ್ಕ್ವಿಸ್‌ಗಳು

ಬ್ರಿಟನ್ನಿನ ಶ್ರೀಮಂತ ಮನೆತನಗಳ ವಂಶಾವಳಿ ಎಂದರೆ ನಮ್ಮಲ್ಲಿ ಹಲವರಿಗೆ ಎಲ್ಲಿಲ್ಲದ ಗೌರವ. "ಶತಮಾನಗಳಿಂದ ಒಂದೇ ಮನೆತನ, ಒಂದೇ ಬಿರುದು, ತಂದೆಯಿಂದ ಮಗನಿಗೆ ಕೊಂಡಿ ಕಳಚದೆ ಬಂದಿದೆ. ನಮಗೋ ಮುತ್ತಜ್ಜನ ಹೆಸರೂ ಗೊತ್ತಿಲ್ಲ" ಎನ್ನುವ ಮಾತನ್ನು ಇಲ್ಲಿಯೂ ಎಷ್ಟೋ ಸಲ ಓದಿದ್ದೇನೆ. ಮನೆತನಗಳ ಚರಿತ್ರೆ ನನಗೂ ಬಹಳ ಪ್ರೀತಿಯ ವಿಷಯ. ಅವರು ದಾಖಲೆ ಇಟ್ಟುಕೊಂಡ ಶ್ರದ್ಧೆಯನ್ನು ಮೆಚ್ಚಲೇಬೇಕು. ಆದರೆ ಆ ಕೊಂಡಿ ಕಳಚಿಲ್ಲವೆಂದು ತೋರಿಸಲು ಯಾರನ್ನೆಲ್ಲ ಹೊರಗಿಟ್ಟರು ಎಂಬುದನ್ನು ನೋಡಿದ ಮೇಲೆ ನನಗೆ ಆ ಗೌರವ ಉಳಿದಿಲ್ಲ. ಹೆಣ್ಣುಮಕ್ಕಳು, ಮದುವೆಗೆ ಮೊದಲು ಹುಟ್ಟಿದವರು, ದತ್ತು ಮಕ್ಕಳು ಇವರೆಲ್ಲ ಆ ಮನೆಯಲ್ಲೇ ಬೆಳೆದು, ಬಿರುದಿನ ವಿಷಯ ಬಂದಾಗ ಮಾತ್ರ ಇಲ್ಲದವರಾದರು. ಇದನ್ನು ಕನ್ನಡಿಗರು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಇಂಥ ಕೆಲವು ಬಿರುದುಗಳು ಹುಟ್ಟಿದ್ದೇ ಮೈಸೂರಿನ ಯುದ್ಧಗಳಿಂದ.

ಮೊದಲು ಪದ್ಧತಿಯನ್ನು ಹೇಳಿಬಿಡುತ್ತೇನೆ. ಡ್ಯೂಕ್, ಮಾರ್ಕ್ವಿಸ್, ಅರ್ಲ್, ವೈಕೌಂಟ್, ಬ್ಯಾರನ್ ಎಂದು ಮೇಲಿನಿಂದ ಕೆಳಕ್ಕೆ ಐದು ಅಂತಸ್ತು. ಬಿರುದು ಕೊಡುವಾಗ ರಾಜ ಒಂದು ಸನದು ಹೊರಡಿಸುತ್ತಾನೆ, ಅದು ಮುಂದೆ ಯಾರಿಗೆ ಹೋಗಬೇಕೆಂಬುದೂ ಆ ಸನದಿನಲ್ಲೇ ಇರುತ್ತದೆ. ಬಹುಪಾಲು ಸನದುಗಳ ಒಕ್ಕಣೆ ಒಂದೇ: ಬಿರುದು ಪಡೆದವನಿಗೆ ಶಾಸ್ತ್ರೋಕ್ತ ವಿವಾಹದಲ್ಲಿ ಹುಟ್ಟಿದ, ಅಂದರೆ ಔರಸ, ಗಂಡು ಸಂತತಿಗೆ, ಅವರಲ್ಲಿ ಹಿರಿಯನಿಗೆ. ಮಗನಿಲ್ಲದಿದ್ದರೆ ಬಿರುದು ತಮ್ಮನ ಕವಲಿಗೋ ದೂರದ ದಾಯಾದಿಗೋ ಹೋಗುತ್ತದೆ. ಅವರೂ ಮೊದಲು ಬಿರುದು ಪಡೆದವನ ಗಂಡು ಕವಲಿನವರೇ ಆಗಿರಬೇಕು. ಅಂಥವರು ಯಾರೂ ಸಿಗದಿದ್ದರೆ, ಮನೆಯಲ್ಲಿ ಎಷ್ಟು ಹೆಣ್ಣುಮಕ್ಕಳಿದ್ದರೂ, ಬಿರುದು ಅಳಿಯಿತು ಎಂದು ಬರೆದು ಪುಟ ಮುಚ್ಚುತ್ತಾರೆ. ಸ್ಕಾಟ್ಲೆಂಡಿನ ಹಲವು ಬಿರುದುಗಳಲ್ಲಿ, ಇಂಗ್ಲೆಂಡಿನ ಕೆಲವು ಪ್ರಾಚೀನ ಬ್ಯಾರನ್ ಪದವಿಗಳಲ್ಲಿ ಹೆಣ್ಣಿಗೂ ಹಕ್ಕಿದೆ, ಆದರೆ ಅಂಥವು ಕಡಿಮೆ.

ಈಗ ಮೈಸೂರಿಗೆ ಬರೋಣ. ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಳಾಗಿ ಕರೆದೊಯ್ದ ಕಾರ್ನ್‌ವಾಲಿಸ್‌ಗೆ ಅದೇ 1792ರಲ್ಲಿ ಮಾರ್ಕ್ವಿಸ್ ಪದವಿ ಬಂತು. ಅವನ ಮಗ ಎರಡನೆಯ ಮಾರ್ಕ್ವಿಸ್. ಆ ಮಗನಿಗೆ ಐವರು ಹೆಣ್ಣುಮಕ್ಕಳು. ಅವನು 1823ರಲ್ಲಿ ತೀರಿಕೊಂಡಾಗ ಮಾರ್ಕ್ವಿಸ್ ಪದವಿ ಅಲ್ಲಿಗೇ ಮುಗಿಯಿತು. ಹಳೆಯ ಅರ್ಲ್ ಪದವಿ ಬಿಷಪ್ ಆಗಿದ್ದ ಚಿಕ್ಕಪ್ಪನಿಗೆ ಹೋಗಿ, 1852ರಲ್ಲಿ ಅದೂ ಅಳಿಯಿತು. ಐವರು ಮಕ್ಕಳಿದ್ದ ಮನೆಯನ್ನು ನಿಸ್ಸಂತಾನದ ಮನೆಯಂತೆ ಲೆಕ್ಕಕ್ಕೆ ಹಿಡಿದರು ಎಂಬುದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅದಕ್ಕಿಂತ ಗಾಢವಾದ ಕಥೆ ರಿಚರ್ಡ್ ವೆಲ್ಲೆಸ್ಲಿಯದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇವನೇ ಗವರ್ನರ್ ಜನರಲ್. ನಮಗೆಲ್ಲ ಹೆಚ್ಚು ಪರಿಚಿತನಾದ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲ್ಲಿಂಗ್ಟನ್ನಿನ ಡ್ಯೂಕ್ ಆದವನು, ಇವನ ತಮ್ಮ. ರಿಚರ್ಡ್ ಆಗಲೇ ಐರ್ಲೆಂಡಿನಲ್ಲಿ ಮಾರ್ನಿಂಗ್ಟನ್ನಿನ ಅರ್ಲ್ ಆಗಿದ್ದ. ಟಿಪ್ಪುವಿನ ಪತನಕ್ಕೆ ಪ್ರತಿಯಾಗಿ ಇಂಗ್ಲೆಂಡಿನ ದೊಡ್ಡದೊಂದು ಬಿರುದು ಬರುತ್ತದೆಂದು ಕಾದಿದ್ದವನಿಗೆ ಬಂದದ್ದು ಮತ್ತೆ ಐರಿಷ್ ಮಾರ್ಕ್ವಿಸ್ ಪದವಿ. ಚಿನ್ನದ ಲೇಪ ಹಚ್ಚಿದ ಆಲೂಗಡ್ಡೆ ಎಂದು ಅದನ್ನು ಹಳಿದು ಪತ್ರ ಬರೆದ. ಬಿರುದಿನ ಹಂಬಲ ಅಷ್ಟಿತ್ತು.

ಈ ಹಂಬಲದ ಮನುಷ್ಯನಿಗೆ ಪ್ಯಾರಿಸಿನ ನಟಿ ಯಾಸಿಂತ್ ರೋಲಾಂ ಎಂಬಾಕೆಯಲ್ಲಿ ಮೂವರು ಗಂಡು, ಇಬ್ಬರು ಹೆಣ್ಣು, ಒಟ್ಟು ಐವರು ಮಕ್ಕಳಿದ್ದರು. ಅವಳನ್ನು ಮದುವೆಯಾದದ್ದು 1794ರಲ್ಲಿ, ಐವರೂ ಹುಟ್ಟಿದ ಮೇಲೆ. ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ತಂದೆತಾಯಿ ಅನಂತರ ಮದುವೆಯಾದರೂ ಮಕ್ಕಳು ಔರಸರಾಗುತ್ತಿರಲಿಲ್ಲ. 1842ರಲ್ಲಿ ರಿಚರ್ಡ್ ತೀರಿಕೊಂಡಾಗ ಅವನ ಮಗ ಹೆನ್ರಿ ಆಕ್ಸ್‌ಫರ್ಡ್‌ನಲ್ಲಿ ಪಾದ್ರಿಯಾಗಿ, ವಿದ್ವಾಂಸನಾಗಿ ಜೀವಂತವಾಗಿದ್ದ. ಆದರೂ ಮಾರ್ಕ್ವಿಸ್ ಪದವಿ ವಾರಸುದಾರರಿಲ್ಲವೆಂದು ಅಳಿಯಿತು, ಅರ್ಲ್ ಪದವಿ ತಮ್ಮ ವಿಲಿಯಂಗೆ ಹೋಯಿತು.

ಅಧಿಕೃತ ವಂಶಾವಳಿ ಇಲ್ಲಿಗೆ ನಿಲ್ಲುತ್ತದೆ. ರಕ್ತಸಂಬಂಧ ನಿಲ್ಲಲಿಲ್ಲ. ಆ ಐವರಲ್ಲಿ ಒಬ್ಬಳು ಆನ್. ಮೊದಲ ಗಂಡನನ್ನು 1815ರಲ್ಲಿ ತೊರೆದು ಲಾರ್ಡ್ ಚಾರ್ಲ್ಸ್ ಬೆಂಟಿಂಕ್ ಎಂಬವನೊಂದಿಗೆ ಹೊರಟುಹೋದಳು. ಊರೆಲ್ಲ ಆಡಿಕೊಂಡಿತು, ವಿಚ್ಛೇದನವಾಯಿತು, ಮರುವರ್ಷ ಅವನನ್ನೇ ಮದುವೆಯಾದಳು. ಅವರ ಮಗ ಪಾದ್ರಿ ಚಾರ್ಲ್ಸ್. ಅವನ ಮಗಳು ಸಿಸಿಲಿಯಾ, ಸ್ಟ್ರಾತ್‌ಮೋರಿನ ಕೌಂಟೆಸ್. ಸಿಸಿಲಿಯಾಳ ಮಗಳು ಎಲಿಜಬೆತ್ ಆರನೆಯ ಜಾರ್ಜ್ ದೊರೆಯ ಪತ್ನಿ. ಅವಳ ಮಗಳು ರಾಣಿ ಎರಡನೆಯ ಎಲಿಜಬೆತ್. ರಾಣಿಯ ಮಗ ಇಂದಿನ ದೊರೆ ಮೂರನೆಯ ಚಾರ್ಲ್ಸ್. ರಿಚರ್ಡ್‌ಗೂ ಈ ದೊರೆಗೂ ನಡುವೆ ಇರುವ ಐವರಲ್ಲಿ ನಾಲ್ವರು ಹೆಂಗಸರು. ಐರಿಷ್ ಮಾರ್ಕ್ವಿಸ್ ಪದವಿಗೂ ಬೇಡವಾದ ಮಗಳ ಸಂತತಿ ಇಂದು ಬ್ರಿಟನ್ನಿನ ಸಿಂಹಾಸನದಲ್ಲಿದೆ. ವಂಶಾವಳಿ ಎಂದು ನಾವು ಕಣ್ಣರಳಿಸಿ ನೋಡುವ ಪಟ್ಟಿಗಳಲ್ಲಿ ವೆಲ್ಲೆಸ್ಲಿಯ ಬಿರುದಿನ ಎದುರು ಮಾತ್ರ "ಅಳಿದಿದೆ" ಎಂದೇ ಇದೆ.

ಇದೇ ಎಳೆಯಲ್ಲಿ ಇನ್ನೊಂದು ಸಂಬಂಧವೂ ಇದೆ. ಆನ್‌ಳ ಎರಡನೆಯ ಗಂಡ ಚಾರ್ಲ್ಸ್, ಗವರ್ನರ್ ಜನರಲ್ ವಿಲಿಯಂ ಬೆಂಟಿಂಕನ ತಮ್ಮ. 1799ರಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟದಲ್ಲಿ ಕೂರಿಸಿದ್ದು ತಂದೆ ವೆಲ್ಲೆಸ್ಲಿಯ ಆಡಳಿತ. 1831ರಲ್ಲಿ ಅದೇ ಒಡೆಯರಿಂದ ರಾಜ್ಯದ ಆಡಳಿತವನ್ನು ಕಿತ್ತುಕೊಂಡಿದ್ದು ಮಗಳ ಭಾವ. ಭಾರತವನ್ನಾಳಿದ ಗವರ್ನರ್ ಜನರಲ್‌ಗಳ ಪಟ್ಟಿಯನ್ನು ಬೀಗತನದ ನಕ್ಷೆಯಾಗಿ ಓದಿದರೆ ಬೇರೆಯೇ ಚರಿತ್ರೆ ಕಾಣುತ್ತದೆ.

ಇಂಥ ಮಾರ್ಕ್ವಿಸ್‌ಗಳಲ್ಲಿ ಮೂರನೆಯವನು ಗವರ್ನರ್ ಜನರಲ್ ಡಾಲ್‌ಹೌಸಿ. ಇವನಿಗೆ ಮಾರ್ಕ್ವಿಸ್ ಪದವಿ ಬಂದದ್ದು ಪಂಜಾಬಿನ ಗೆಲುವಿನಿಂದ, 1849ರಲ್ಲಿ. ಔರಸ ಪುತ್ರನಿಲ್ಲದ ರಾಜ ತೀರಿಕೊಂಡರೆ ದತ್ತು ಮಗನನ್ನು ಒಪ್ಪದೆ ರಾಜ್ಯವನ್ನೇ ಕಂಪನಿಗೆ ಸೇರಿಸಿಕೊಳ್ಳುವ ನೀತಿಗೆ ಇವನ ಹೆಸರೇ ಅಂಟಿಕೊಂಡಿದೆ. ಸತಾರಾ, ನಾಗಪುರ, ಝಾನ್ಸಿ ಹೋದದ್ದು ಹಾಗೆ. ನಮಗೆ ಈ ಸಂಕಟ ಅವನಿಗಿಂತ ಮೊದಲೇ ಗೊತ್ತಿತ್ತು. 1824ರಲ್ಲಿ ಕಿತ್ತೂರಿನ ದತ್ತುಪುತ್ರ ಶಿವಲಿಂಗಪ್ಪನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಮುಂದಿನದು ಚೆನ್ನಮ್ಮನ ಕಥೆ, ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ನರಗುಂದದ ಬಾಬಾಸಾಹೇಬ 1858ರಲ್ಲಿ ಬಂಡೆದ್ದುದರ ಹಿಂದೆಯೂ ದತ್ತಕ್ಕೆ ಅನುಮತಿ ಸಿಗದ ನೋವಿತ್ತು.

ಡಾಲ್‌ಹೌಸಿ 1860ರಲ್ಲಿ ತೀರಿಕೊಂಡ. ಅವನಿಗಿದ್ದದ್ದು ಇಬ್ಬರು ಹೆಣ್ಣುಮಕ್ಕಳು. ಮಾರ್ಕ್ವಿಸ್ ಪದವಿ ಅವನೊಂದಿಗೇ ಅಳಿಯಿತು, ಸ್ಕಾಟ್ಲೆಂಡಿನ ಹಳೆಯ ಅರ್ಲ್ ಪದವಿ ದಾಯಾದಿಯೊಬ್ಬನಿಗೆ ಹೋಯಿತು. ಇದನ್ನು ಕರ್ಮಫಲವೆಂದು ಸಂಭ್ರಮಿಸುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ, ಏಕೆಂದರೆ ಅದರಿಂದ ಕಳೆದುಕೊಂಡವರು ಅವನ ಹೆಣ್ಣುಮಕ್ಕಳು. ಬಿರುದಿನ ಸನದೂ ರಾಜ್ಯಾಪಹರಣದ ನೀತಿಯೂ ಕಾನೂನಿನಲ್ಲಿ ಬೇರೆಬೇರೆ, ಒಪ್ಪುತ್ತೇನೆ. ಆದರೆ ಸ್ವಂತ ಮನೆಯಲ್ಲಿ ದತ್ತು ಮಗನಿಗೆ ಬಿರುದು ಕೊಡುವ ಕಲ್ಪನೆಯೇ ಇಲ್ಲದ ಜನ, ದತ್ತು ಮಗ ಹೆತ್ತ ಮಗನಿಗೆ ಸಮಾನ ಎಂದು ನಂಬಿದ್ದ ನೆಲಕ್ಕೆ ಬಂದು ನ್ಯಾಯ ಹೇಳಿದರು ಎಂಬುದು ನನ್ನ ಖಚಿತ ಅಭಿಪ್ರಾಯ. ಮೈಸೂರು ಉಳಿದದ್ದೂ ದತ್ತಕದಿಂದಲೇ. ಮುಮ್ಮಡಿಯವರು 1865ರಲ್ಲಿ ದತ್ತು ಪಡೆದ ಚಾಮರಾಜ ಒಡೆಯರನ್ನು ಎರಡು ವರ್ಷಗಳ ನಂತರ ಬ್ರಿಟಿಷರು ಒಪ್ಪಿಕೊಂಡರು, 1881ರಲ್ಲಿ ರಾಜ್ಯ ಹಿಂದಿರುಗಿತು.

ಶ್ರೀರಂಗಪಟ್ಟಣದ ಹೆಸರನ್ನೇ ಹೊತ್ತ ಬಿರುದೊಂದು ಇಂದಿಗೂ ಉಳಿದಿದೆ. ಮುತ್ತಿಗೆಯ ಸೇನಾಪತಿ ಜಾರ್ಜ್ ಹ್ಯಾರಿಸ್ ಕೆಂಟ್ ಪ್ರಾಂತದ ಬಡ ಪಾದ್ರಿಯೊಬ್ಬನ ಮಗ. ಗೆದ್ದ ಪಟ್ಟಣದ ಲೂಟಿಯಲ್ಲಿ ತನಗೆ ಬಂದ ಪಾಲಿನಿಂದ 1801ರಲ್ಲಿ ಕೆಂಟ್‌ನಲ್ಲೇ ಬೆಲ್ಮಾಂಟ್ ಎಂಬ ಬಂಗಲೆಯನ್ನು ಕೊಂಡ. 1815ರಲ್ಲಿ ಶ್ರೀರಂಗಪಟ್ಟಣ ಮತ್ತು ಮೈಸೂರಿನ ಬ್ಯಾರನ್ ಹ್ಯಾರಿಸ್ ಆದ. ಇಂಗ್ಲೆಂಡ್ ಕ್ರಿಕೆಟ್ ತಂಡದ ನಾಯಕನೂ ಮುಂಬಯಿಯ ಗವರ್ನರನೂ ಆಗಿದ್ದ ಲಾರ್ಡ್ ಹ್ಯಾರಿಸ್ ಈ ಸಾಲಿನ ನಾಲ್ಕನೆಯವನು. ಆರನೆಯ ಬ್ಯಾರನ್ 1995ರಲ್ಲಿ ತೀರಿಕೊಂಡ ಮೇಲೆ ಬಿರುದು ದೂರದ ದಾಯಾದಿಗಳ ಕವಲಿಗೆ ದಾಟಿತು. ನಮ್ಮ ಊರಿನ ಹೆಸರು ಹಾಗೆ ಒಬ್ಬರಿಂದ ಒಬ್ಬರಿಗೆ ಕೈ ಬದಲಿಸುತ್ತಲೇ ಇದೆ.

"ಅದು ಅವರ ಸಂಪ್ರದಾಯ, ಬದಲಿಸಲಾಗದು" ಎನ್ನುವವರಿಗೆ ಮಾರ್ಲ್‌ಬರೋ ಮನೆತನವನ್ನು ತೋರಿಸುತ್ತೇನೆ. ಮೊದಲ ಡ್ಯೂಕ್ ಜಾನ್ ಚರ್ಚಿಲ್‌ನ ಉಳಿದಿದ್ದ ಒಬ್ಬನೇ ಮಗ 1703ರಲ್ಲಿ ಸಿಡುಬಿನಿಂದ ಸತ್ತ. ಮೂರೇ ವರ್ಷಗಳಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿ ಬಿರುದು ಹೆಣ್ಣುಮಕ್ಕಳ ಮೂಲಕ ಹೋಗಲು ದಾರಿ ಮಾಡಿತು. 1722ರಲ್ಲಿ ಮಗಳು ಹೆನ್ರಿಯೆಟಾ ಸ್ವಂತ ಹಕ್ಕಿನಿಂದ ಡಚೆಸ್ ಆದಳು, ಆಮೇಲೆ ಅವಳ ತಂಗಿಯ ಮಗನಿಗೆ ಬಿರುದು ಸಂದಿತು. ವಿನ್‌ಸ್ಟನ್ ಚರ್ಚಿಲ್ ಆ ತಂಗಿಯ ಸಂತತಿ. ಮೌಂಟ್‌ಬ್ಯಾಟನ್‌ಗೂ ಇಬ್ಬರೂ ಹೆಣ್ಣುಮಕ್ಕಳೇ. ಅವನ ಸನದಿನಲ್ಲಿ ಅವರಿಗೆ ಅವಕಾಶ ಬರೆದುಕೊಟ್ಟಿದ್ದರಿಂದ 1979ರಲ್ಲಿ ಅವನ ಹತ್ಯೆಯಾದಾಗ ಹಿರಿಯ ಮಗಳು ಪೆಟ್ರೀಷಿಯಾಗೆ ಬಿರುದು ಬಂತು. ಬೇಕಾದವರಿಗೆ ಬಾಗುವ ನಿಯಮ ಕಾರ್ನ್‌ವಾಲಿಸ್‌ನ ಐವರು ಮೊಮ್ಮಕ್ಕಳಿಗೆ ಬಾಗಲಿಲ್ಲ.

ಭಾರತೀಯನೊಬ್ಬನಿಗೆ ಅದು ಎಷ್ಟು ಬಿಗಿಯಾಗಿತ್ತು ಎಂಬುದನ್ನೂ ಹೇಳಬೇಕು. 1919ರಲ್ಲಿ ಸತ್ಯೇಂದ್ರ ಪ್ರಸನ್ನ ಸಿನ್ಹಾ ರಾಯಪುರದ ಬ್ಯಾರನ್ ಆದರು, ವಂಶಪಾರಂಪರ್ಯದ ಪೀರ್ ಪದವಿ (ಮೇಲೆ ಹೇಳಿದ ಐದು ಅಂತಸ್ತಿನ ಬಿರುದುಳ್ಳವರೇ ಪೀರ್‌ಗಳು) ಪಡೆದ ಮೊದಲ ಭಾರತೀಯರು. ರಾಯಪುರ ಬಂಗಾಳದ ಬೀರ್‌ಭೂಮಿಯ ಊರು. ಅವರು 1928ರಲ್ಲಿ ತೀರಿಕೊಂಡಾಗ ಮಗ ಅರುಣ್ ಕುಮಾರ್ ಎದುರು ಪಾರ್ಲಿಮೆಂಟಿನ ಮೇಲ್ಮನೆಯಾದ ಲಾರ್ಡ್ಸ್ ಸಭೆ ಒಂದು ಪ್ರಶ್ನೆ ಇಟ್ಟಿತು. ತಂದೆತಾಯಿ ಹಿಂದೂ ಪದ್ಧತಿಯಂತೆ ಮದುವೆಯಾದವರು, ಆ ಪದ್ಧತಿಯಲ್ಲಿ ಆಗ ಬಹುಪತ್ನಿತ್ವಕ್ಕೆ ಅವಕಾಶವಿತ್ತು, ಹೀಗಿರುವಾಗ ಈ ಮಗ ಇಂಗ್ಲಿಷ್ ಕಾನೂನಿನಂತೆ ಔರಸನೇ? ಸಿನ್ಹಾ ಅವರಿಗೆ ಇದ್ದದ್ದು ಒಬ್ಬರೇ ಪತ್ನಿ. ಮುಂದೆ ಬ್ರಾಹ್ಮಸಮಾಜ ಸೇರಿ ಏಕಪತ್ನಿತ್ವಕ್ಕೆ ಬದ್ಧರಾಗಿದ್ದರು ಎಂಬ ಆಧಾರದ ಮೇಲೆ 1939ರಲ್ಲಿ ಮಗನ ಹಕ್ಕನ್ನು ಒಪ್ಪಿದರು. ತಾಯಿಯ ಮದುವೆ ಮದುವೆಯೇ ಎಂದು ಸಾಬೀತು ಮಾಡಬೇಕಾಗಿ ಬಂದ ಆ ಮಗನ ಅವಮಾನವನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಇಷ್ಟೆಲ್ಲ ಕಾವಲಿದ್ದೂ ರಕ್ತದ ಲೆಕ್ಕವಾದರೂ ಸರಿಯಿತ್ತೇ? ಸ್ಟಿಚಿಲ್‌ನ ಪ್ರಿಂಗಲ್ ಎಂಬ ಸ್ಕಾಟಿಷ್ ಮನೆತನಕ್ಕೆ 1683ರಿಂದ ಬ್ಯಾರನೆಟ್ ಪದವಿಯಿದೆ. ಇದು ಬ್ಯಾರನ್‌ಗಿಂತ ಕೆಳಗಿನ ವಂಶಪಾರಂಪರ್ಯದ ಬಿರುದು. ಹತ್ತನೆಯ ಬ್ಯಾರನೆಟ್ 2013ರಲ್ಲಿ ತೀರಿಕೊಂಡ ಮೇಲೆ ಡಿಎನ್‌ಎ ಪರೀಕ್ಷೆಯ ಆಧಾರದಲ್ಲಿ ಬಂಧುವೊಬ್ಬರು ಹಕ್ಕು ಕೇಳಿದರು. ಒಂಬತ್ತನೆಯವನು ಎಂಟನೆಯವನ ಮಗನೇ ಆಗಿರಲಿಲ್ಲ ಎಂದು ಗೊತ್ತಾಯಿತು. 2016ರಲ್ಲಿ ಪ್ರಿವಿ ಕೌನ್ಸಿಲ್ ಬಿರುದನ್ನು ಬೇರೆ ಕವಲಿಗೆ ಕೊಟ್ಟಿತು. ಇಂಥ ಪರೀಕ್ಷೆಯನ್ನು ಎಲ್ಲ ಮನೆತನಗಳೂ ಮಾಡಿಸಿಕೊಳ್ಳಲಿ ಎಂದು ನಾನು ಕೇಳುವುದಿಲ್ಲ. ಸಾಕಿದವನೇ ತಂದೆ ಎಂದು ಒಪ್ಪಿಕೊಂಡಿದ್ದರೆ ಆ ಕುಟುಂಬ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಿರಲಿಲ್ಲ.

ಇವೆಲ್ಲ ಹಳೆಯ ಕಾಲದ ಮಾತೆಂದು ತಳ್ಳಿಹಾಕಬೇಡಿ. 1926ರ ಕಾಯಿದೆ ಇಂಗ್ಲೆಂಡಿನಲ್ಲಿ ತಂದೆತಾಯಿ ಅನಂತರ ಮದುವೆಯಾದರೆ ಮಕ್ಕಳು ಔರಸರಾಗುತ್ತಾರೆ ಎಂದಿತು, ಬಿರುದುಗಳನ್ನು ಮಾತ್ರ ಹೊರಗಿಟ್ಟಿತು. ಪೀರ್‌ಗಳ ದತ್ತು ಮಕ್ಕಳು ತಮ್ಮ ಹೆಸರಿನ ಮುಂದೆ ಗೌರವಸೂಚಕ ಹಾಕಿಕೊಳ್ಳಬಹುದು ಎಂದು 2004ರಲ್ಲಿ ಆದೇಶವಾಯಿತು, ಬಿರುದಿನ ಹಕ್ಕು ಬರಲಿಲ್ಲ. ಸಿಂಹಾಸನಕ್ಕೆ ಗಂಡುಮಕ್ಕಳಿಗಿದ್ದ ಆದ್ಯತೆಯನ್ನು 2013ರ ಕಾಯಿದೆ ತೆಗೆದುಹಾಕಿತು, ಅದರಿಂದಲೇ ರಾಜಕುಮಾರಿ ಶಾರ್ಲೆಟ್ ತಮ್ಮ ಲೂಯಿಗಿಂತ ಮುಂದಿದ್ದಾಳೆ. ಬ್ಯಾರನ್‌ನ ಮಗಳಿಗೆ ಆ ನ್ಯಾಯವಿಲ್ಲ. 1999ರಲ್ಲಿ ವಂಶಪಾರಂಪರ್ಯದ ಪೀರ್‌ಗಳಲ್ಲಿ ಹೆಚ್ಚಿನವರನ್ನು ಲಾರ್ಡ್ಸ್ ಸಭೆಯಿಂದ ಹೊರಗೆ ಕಳುಹಿಸಿದಾಗಲೂ 92 ಸ್ಥಾನಗಳನ್ನು ಅವರಿಗೇ ಉಳಿಸಿದರು. ಹಾಗೆ ಗಂಡಸರಿಗೆಂದೇ ಇದ್ದ ಬಿರುದುಗಳಿಂದ ಆಮೇಲೂ ಶಾಸಕರು ಬಂದರು.

ಅದೇ 2013ರಲ್ಲಿ ಲಾರ್ಡ್ ಲ್ಯೂಕಸ್ ಬಿರುದುಗಳಲ್ಲೂ ಹೆಣ್ಣುಮಕ್ಕಳಿಗೆ ಹಕ್ಕು ಕೊಡುವ ಮಸೂದೆ ತಂದರು. ಅವರ ಬಿರುದು ಬಂದದ್ದು ತಾಯಿಯಿಂದ. ಮಸೂದೆ ಕಾಯಿದೆಯಾಗಲಿಲ್ಲ. ಅದು ಮತ್ತೆ ಬರಬೇಕು. ಬರುವಾಗ ದತ್ತು ಮಕ್ಕಳನ್ನೂ ಮದುವೆಗೆ ಮೊದಲು ಹುಟ್ಟಿದವರನ್ನೂ ಸೇರಿಸಿಕೊಂಡೇ ಬರಬೇಕು. ಅದು ಆಗದೆಂದಾದರೆ ಈ ಬಿರುದುಗಳು ಈಗ ಹೊಂದಿರುವವರ ಜೀವಿತಾವಧಿಗೇ ಮುಗಿಯಲಿ. 1958ರಿಂದ ಆಜೀವ ಪೀರ್‌ಗಳನ್ನು ನೇಮಿಸುತ್ತಿರುವ ದೇಶಕ್ಕೆ ಅದು ಹೊಸದೇನೂ ಅಲ್ಲ.