ನಾವು ಬರೆಸದ ಲೆಕ್ಕ ನಮ್ಮ ಬಿಲ್ಲಿನಲ್ಲಿ

ಊರಿನವರಿಗೆ ಇದನ್ನು ಹೇಳಿದರೆ ಮೊದಲಿಗೆ ಯಾರೂ ನಂಬುವುದಿಲ್ಲ. ನಾನಿರುವ ಬ್ರಿಟನ್ನಿನಲ್ಲಿ ನಿಮಗೆ ಬಂದ ಎಸ್ಸೆಮ್ಮೆಸ್ಸಿಗೆ ನೀವೇ ದುಡ್ಡು ತೆರಬೇಕಾಗಬಹುದು. ಕಳಿಸಿದ್ದಕ್ಕಲ್ಲ, ಬಂದದ್ದಕ್ಕೆ. ಅದನ್ನು ತೆರೆದು ಓದಬೇಕಂತಲೂ ಇಲ್ಲ. ಫೋನಿಗೆ ಬಂದು ಬಿದ್ದರೆ ಸಾಕು, ತಿಂಗಳ ಬಿಲ್ಲಿನಲ್ಲಿ ಒಂದು ಸಾಲು ಜಾಸ್ತಿ. ಪ್ರೀಪೇಯ್ಡ್ ಆಗಿದ್ದರೆ ಬ್ಯಾಲೆನ್ಸಿನಿಂದ ಅಲ್ಲೇ ಕಟ್.

ಇದಕ್ಕೆ ಇಲ್ಲಿ ಪ್ರೀಮಿಯಂ ರೇಟ್ ಟೆಕ್ಸ್ಟ್ ಅಂತಾರೆ. ಇಂಥ ಮೆಸೇಜು ಮಾಮೂಲಿ ಮೊಬೈಲ್ ನಂಬರಿನಿಂದ ಬರುವುದಿಲ್ಲ. 6, 7 ಅಥವಾ 8ರಿಂದ ಶುರುವಾಗುವ ಚಿಕ್ಕ ನಂಬರಿನಿಂದ ಬರುತ್ತದೆ, ಸಾಮಾನ್ಯವಾಗಿ ಐದಂಕಿ. ಒಂದು ಕಂಪನಿ ಕ್ವಿಜ್ಜೋ, ಗೇಮೋ, ಜ್ಯೋತಿಷ್ಯವೋ ಏನೋ ಒಂದನ್ನು ಮಾರುತ್ತದೆ. ಅದಕ್ಕೂ ಮೊಬೈಲ್ ನೆಟ್‌ವರ್ಕಿಗೂ ನಡುವೆ ಒಬ್ಬ ಮಧ್ಯವರ್ತಿ ಇರುತ್ತಾನೆ. ದುಡ್ಡು ವಸೂಲಿ ಮಾಡುವುದು ನೆಟ್‌ವರ್ಕ್. ತನ್ನ ಪಾಲು ಇಟ್ಟುಕೊಂಡು ಉಳಿದದ್ದನ್ನು ಮುಂದೆ ದಾಟಿಸುತ್ತದೆ.

ಈ ವ್ಯವಸ್ಥೆಯೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಮಕ್ಕಳಿಗಾಗಿ ದೇಣಿಗೆ ಕೂಡಿಸುವ ಬಿಬಿಸಿಯ ಚಿಲ್ಡ್ರನ್ ಇನ್ ನೀಡ್ ಕಾರ್ಯಕ್ರಮ ನಡೆಯುವ ರಾತ್ರಿ ಜನ ಇದೇ ದಾರಿಯಲ್ಲಿ 5 ಪೌಂಡು, 10 ಪೌಂಡು ಕೊಡುತ್ತಾರೆ. ಕಾರ್ಡ್ ಹುಡುಕಬೇಕಿಲ್ಲ, ಫಾರ್ಮ್ ತುಂಬಬೇಕಿಲ್ಲ, ಒಂದು ಮೆಸೇಜು ಸಾಕು. ಒಳ್ಳೆಯ ಕೆಲಸಕ್ಕೆ ಇಷ್ಟು ಸಲೀಸಾದ ದಾರಿ ಇರಬೇಕು. ನನ್ನ ತಕರಾರು ಇರುವುದು ಕೇಳದೆಯೇ ಬಂದು ಕೂರುವ ಲೆಕ್ಕದ ಬಗ್ಗೆ.

ಕೇಳದೆಯೇ ಹೇಗೆ ಬರುತ್ತದೆ? ಮೊಬೈಲ್ ಡೇಟಾದಲ್ಲಿ ಏನೋ ಓದುತ್ತಿರುತ್ತೀರಿ. ಜಾಹೀರಾತೊಂದು ಪರದೆ ತುಂಬ ತೆರೆದುಕೊಳ್ಳುತ್ತದೆ. ಅದನ್ನು ಮುಚ್ಚಲು ಹೋಗಿ ಬೆರಳು ಎಲ್ಲೋ ತಾಗುತ್ತದೆ. ವೈಫೈ ಆಗಿದ್ದರೆ ಅವರು ನಿಮ್ಮ ನಂಬರ್ ಕೇಳಲೇಬೇಕು. ಮೊಬೈಲ್ ಡೇಟಾ ಆದರೆ ಹಾಗಲ್ಲ, ನಿಮ್ಮ ನಂಬರ್ ಯಾವುದು ಅಂತ ನೆಟ್‌ವರ್ಕಿಗೆ ಗೊತ್ತೇ ಇರುತ್ತದೆ. ಬಿಲ್ಲಿಂಗ್ ವ್ಯವಸ್ಥೆಗೆ ಅದು ನೇರವಾಗಿ ಹೋಗಿಬಿಡುತ್ತದೆ. ನೀವು ಒಂದಂಕಿಯನ್ನೂ ಟೈಪ್ ಮಾಡಿರುವುದಿಲ್ಲ, ಆದರೂ ಚಂದಾದಾರರು. 2019ರ ಕೊನೆಗೆ ಎರಡು ಹಂತದ ಒಪ್ಪಿಗೆ ಕಡ್ಡಾಯವಾಗುವವರೆಗೆ ಇಲ್ಲಿ ಹೀಗೆ ಆಗುತ್ತಿತ್ತು. ಇನ್ನೊಂದು ಕಾರಣ ಇನ್ನೂ ಬೇಸರದ್ದು. ಮೊಬೈಲ್ ಕಂಪನಿಗಳು ಹಳೆಯ ನಂಬರುಗಳನ್ನು ಹೊಸಬರಿಗೆ ಕೊಡುತ್ತವೆ. ಹಿಂದೆ ಆ ನಂಬರ್ ಇಟ್ಟುಕೊಂಡಿದ್ದವರು ಯಾವುದಕ್ಕೋ ಸೇರಿಕೊಂಡಿದ್ದರೆ ಆ ಚಂದಾ ಕೆಲವೊಮ್ಮೆ ನಂಬರಿನ ಜೊತೆಗೇ ಬರುತ್ತದೆ.

ನಮ್ಮಮ್ಮನಿಗೆ ಆದದ್ದು ಇದರಲ್ಲಿ ಯಾವುದು ಅಂತ ಕೊನೆಗೂ ಯಾರೂ ಹೇಳಲಿಲ್ಲ. ಅಮ್ಮ ಅರಸೀಕೆರೆ ಕಡೆಯವಳು. ಮೊಮ್ಮಗಳನ್ನು ನೋಡಲು ಬಂದಿದ್ದಾಗ ಇಲ್ಲಿನ ಒಂದು ಸಿಮ್ ಹಾಕಿಕೊಟ್ಟಿದ್ದೆ. ಬೆಳಗ್ಗೆ ಭಜನೆ ಕೇಳುತ್ತಾಳೆ, ಊರಿಗೆ ವಾಟ್ಸಾಪಿನಲ್ಲಿ ಮಾತಾಡುತ್ತಾಳೆ, ಪಂಚಾಂಗ ನೋಡುತ್ತಾಳೆ. ಬಿಲ್ಲು ನನ್ನ ಹೆಸರಿಗೆ ಬರುತ್ತಿತ್ತು. ಅದರಲ್ಲಿ ವಾರಕ್ಕೊಂದರಂತೆ 4.50 ಪೌಂಡಿನ ಸಾಲುಗಳು. ತಿಂಗಳಿಗೆ ಲೆಕ್ಕ ಹಾಕಿದರೆ ಎರಡು ಸಾವಿರ ರೂಪಾಯಿ ದಾಟುತ್ತದೆ. ಊರಲ್ಲಿ ಅಷ್ಟಕ್ಕೆ ಹಲವು ತಿಂಗಳು ಫೋನ್ ನಡೆಸಬಹುದು. ಸಾಲಿನ ಮುಂದೆ ಒಂದು ಐದಂಕಿ ನಂಬರ್ ಬಿಟ್ಟರೆ ಏನೂ ಇಲ್ಲ. ಯಾರಿಗೆ ಹೋಯಿತು, ಏತಕ್ಕೆ ಹೋಯಿತು, ಒಂದು ಮಾತೂ ಇಲ್ಲ.

ಕೇಳಿದ್ದಕ್ಕೆ ಅಮ್ಮ, "ಅದ್ಯಾರೋ ಇಂಗ್ಲಿಷಲ್ಲಿ ಕಳಿಸ್ತಾನೇ ಇದಾರೆ ಕಣೋ. ಕಂಪನಿಯೋರು ಇರ್ಬೇಕು ಅಂತ ಸುಮ್ನಿದ್ದೆ" ಅಂದಳು. ಫೋನ್ ತೆಗೆದು ನೋಡಿದೆ. ಎಲ್ಲಕ್ಕಿಂತ ಹಳೆಯ ಮೆಸೇಜು ಶುರುವಾಗುವುದೇ 'ಫ್ರೀ ಮೆಸೇಜ್' ಅಂತ. ಅಂದರೆ ಆ ಒಂದು ಮೆಸೇಜು ಮಾತ್ರ ಉಚಿತ. ನೀವು ಇಂಥದ್ದಕ್ಕೆ ಸೇರಿದ್ದೀರಿ, ವಾರಕ್ಕೆ ಇಷ್ಟು, ನಿಲ್ಲಿಸಲು ಸ್ಟಾಪ್ ಅಂತ ಕಳಿಸಿ ಎಂಬುದೆಲ್ಲ ಅದರ ಹಿಂದೆ ಬರುತ್ತದೆ. ಇಂಗ್ಲಿಷ್ ಚೆನ್ನಾಗಿ ಬಲ್ಲವರೂ 'ಫ್ರೀ' ಅಂತ ಕಂಡರೆ ಜಾಹೀರಾತು ಅಂದುಕೊಂಡು ಮುಂದೆ ಓದುವುದಿಲ್ಲ. ಅಮ್ಮ ಹೇಗೆ ಓದಬೇಕು?

ನೆಟ್‌ವರ್ಕಿಗೆ ಫೋನ್ ಮಾಡಿದೆ. ಆ ಕಡೆ ಇದ್ದ ಹುಡುಗಿ ತುಂಬ ಸಭ್ಯಳು. ಆದರೆ ಅವಳು ಹೇಳಿದ್ದು ಇಷ್ಟೇ: ಇದು ನಮ್ಮ ಚಾರ್ಜ್ ಅಲ್ಲ, ಹೊರಗಿನ ಕಂಪನಿಯದ್ದು. ಅವರ ನಂಬರ್ ಕೊಡ್ತೀನಿ, ಅವರನ್ನೇ ಕೇಳಿ. ಹಾಗಾದರೆ ನಿಮ್ಮ ಬಿಲ್ಲಿನಲ್ಲಿ ಯಾಕಿದೆ ಅಂದೆ. ಅವರ ಪರವಾಗಿ ವಸೂಲಿ ಮಾಡ್ತೀವಿ ಅಂದಳು. ಕಟ್ಟದಿದ್ದರೆ? ಬಿಲ್ ಬಾಕಿ ಅಂತ ಆಗುತ್ತೆ, ಲೈನ್ ನಿಲ್ಲಬಹುದು ಅಂದಳು.

ನನಗೆ ಸಿಟ್ಟು ಬಂದದ್ದು ಇಲ್ಲಿ. ನಮ್ಮೂರಿನ ಅಂಗಡಿಯಲ್ಲಿ ಪ್ರತಿ ಮನೆಗೂ ಒಂದು ಲೆಕ್ಕದ ಪುಸ್ತಕ ಇರುತ್ತಿತ್ತು. ದಾರಿಹೋಕನೊಬ್ಬ ಬಂದು ನಮ್ಮ ಪುಸ್ತಕದಲ್ಲಿ ಎರಡು ಕೆಜಿ ಸಕ್ಕರೆ ಅಂತ ಬರೆದು ಹೋದ ಅಂದುಕೊಳ್ಳಿ. ತಿಂಗಳ ಕೊನೆಗೆ ಶೆಟ್ಟರು ನಮ್ಮ ಹತ್ತಿರ ದುಡ್ಡು ಕೇಳಿ, ತಕರಾರಿದ್ದರೆ ಅವನನ್ನೇ ಹುಡುಕಿಕೊಂಡು ಹೋಗಿ ಅಂದರೆ ಊರಲ್ಲಿ ಯಾರಾದರೂ ಒಪ್ಪುತ್ತಾರಾ? ಪುಸ್ತಕ ಯಾರ ಕೈಲಿದೆಯೋ ಅವರು ಉತ್ತರ ಕೊಡಬೇಕು.

ಆ ಕಂಪನಿಗೆ ಫೋನು, ಇಮೇಲು ಎಲ್ಲ ಆದ ಮೇಲೆ ಹೋದದ್ದರಲ್ಲಿ ಒಂದು ಭಾಗ ವಾಪಸ್ ಬಂತು. ಅದೂ ಬಿಲ್ಲಿಗೆ ಜಮಾ ಆಗಿ ಅಲ್ಲ, ಪೋಸ್ಟ್ ಆಫೀಸಿಗೆ ಹೋಗಿ ತೋರಿಸಿ ನಗದು ಪಡೆಯುವ ಒಂದು ಕೋಡ್ ಆಗಿ. ದುಡ್ಡು ತಗೊಳ್ಳುವಾಗ ಯಾರನ್ನೂ ಎಲ್ಲಿಗೂ ಓಡಾಡಿಸಿರಲಿಲ್ಲ.

ಇಲ್ಲಿ ಬೆಳೆದವರಿಗೂ ಗೊಂದಲವಾಗುವ ಇನ್ನೊಂದು ವಿಷಯವಿದೆ. ದುಡ್ಡು ಕಟ್ ಆಗುವ ಚಿಕ್ಕ ನಂಬರಿನ ಮೆಸೇಜು ಬಂದರೆ ಸ್ಟಾಪ್ ಅಂತ ಉತ್ತರ ಕಳಿಸಿ ಅಂತಾರೆ. ಗುರುತಿಲ್ಲದ ಮೊಬೈಲ್ ನಂಬರಿನಿಂದ ಸ್ಪ್ಯಾಮ್ ಬಂದರೆ ಉತ್ತರ ಕಳಿಸಲೇಬೇಡಿ, ಕಳಿಸಿದರೆ ನಂಬರ್ ಚಾಲ್ತಿಯಲ್ಲಿದೆ ಅಂತ ಅವರಿಗೆ ಗೊತ್ತಾಗುತ್ತೆ, ಸ್ಪ್ಯಾಮ್ ದೂರಿನ ನಂಬರ್ 7726ಕ್ಕೆ ಫಾರ್ವರ್ಡ್ ಮಾಡಿ ಅಂತಾರೆ. ಎರಡೂ ಸರಿಯಾದ ಸಲಹೆಯೇ. ಆದರೆ ಕೈಯಲ್ಲಿರುವ ಮೆಸೇಜು ಯಾವ ಜಾತಿಯದ್ದು ಅಂತ ಎಪ್ಪತ್ತು ದಾಟಿದವರು ತೀರ್ಮಾನಿಸಬೇಕು ಅನ್ನುವುದು ನ್ಯಾಯವಲ್ಲ.

ನಮ್ಮ ಕಡೆ ಹೇಗಿತ್ತು ಅನ್ನುವುದನ್ನೂ ನೆನೆಸಿಕೊಳ್ಳೋಣ. ಭಾರತದಲ್ಲಿ ಏನೂ ಆಗಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಕೀಪ್ಯಾಡ್ ಫೋನುಗಳ ಕಾಲದಲ್ಲಿ ಪರದೆಯ ಮೇಲೆ ಇದ್ದಕ್ಕಿದ್ದಂತೆ ಒಂದು ಮೆಸೇಜು ಮೂಡುತ್ತಿತ್ತು. ಕ್ರಿಕೆಟ್ ಸ್ಕೋರ್, ಜೋಕ್ಸ್, ದಿನಭವಿಷ್ಯ. ಕೆಳಗೆ 'ಓಕೆ'. ಅದು ಹೋಗಲಿ ಅಂತ ಓಕೆ ಒತ್ತಿದರೆ ಸೇವೆ ಶುರು. ಯಾರಿಗೋ ಫೋನ್ ಮಾಡಿದಾಗ ಹಾಡು ಕೇಳಿಸಿ ಸ್ಟಾರ್ ಒತ್ತಿದರೆ ಅದೇ ಕಾಲರ್ ಟ್ಯೂನ್ ನಮಗೂ ಬಂದು ಕೂರುತ್ತಿತ್ತು, ಜೊತೆಗೆ ತಿಂಗಳ ಬಾಡಿಗೆ. ಬೆಳಗ್ಗೆ ಹಾಕಿಸಿದ 30 ರೂಪಾಯಿ ರೀಚಾರ್ಜ್ ಸಂಜೆಗೆ ನೋಡಿದರೆ ಇಲ್ಲ. ಕೂಲಿ ದುಡ್ಡಿನಲ್ಲಿ ರೀಚಾರ್ಜ್ ಮಾಡಿಸಿದವರು ಕರೆನ್ಸಿ ಯಾಕೆ ಖಾಲಿಯಾಯ್ತು ಅಂತ ರೀಚಾರ್ಜ್ ಅಂಗಡಿಯ ಹುಡುಗನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು. ಪಾಪ, ಅವನದ್ದೇನೂ ತಪ್ಪಿರಲಿಲ್ಲ.

ಆದರೆ ಆಮೇಲೆ ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ಟ್ರಾಯ್ ಮಾಡಿದ ಕೆಲಸ ನೋಡಿ. 2011ರ ಜುಲೈನಲ್ಲಿ ಒಂದು ಆದೇಶ, 2013ರ ಜುಲೈನಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು ಆದೇಶ. ಒಂದು ಸಲ ಹೂಂ ಅಂದರೆ ಸಾಲದು, ಗ್ರಾಹಕ ಎರಡನೇ ಸಲವೂ ಒಪ್ಪಬೇಕು, ಆಮೇಲಷ್ಟೇ ದುಡ್ಡು ಮುಟ್ಟಬೇಕು ಅಂತ ಮಾಡಿದರು. ಯಾವ ಕಂಪನಿಯ ಸೇವೆಯೇ ಇರಲಿ, ನಿಲ್ಲಿಸಲು ದೇಶಕ್ಕೆಲ್ಲ ಒಂದೇ ಉಚಿತ ನಂಬರ್ ಕೊಟ್ಟರು, 155223. ನನಗೆ ಮುಖ್ಯ ಅನ್ನಿಸುವುದು ಇದು: ಈ ಆದೇಶ ಹೋದದ್ದು ಟೆಲಿಕಾಂ ಕಂಪನಿಗಳಿಗೆ. ಜೋಕ್ಸ್ ಮಾರುವವನನ್ನು ಹುಡುಕಿಕೊಂಡು ಹೋಗು ಅಂತ ಗ್ರಾಹಕನಿಗೆ ಹೇಳಲಿಲ್ಲ. ದುಡ್ಡು ಕತ್ತರಿಸುವವರೇ ಜವಾಬ್ದಾರರು ಅಂತ ಇಟ್ಟುಕೊಂಡು ನಿಯಮ ಬರೆದರು.

ಬ್ಯಾಂಕಿನ ಕಡೆ ರಿಸರ್ವ್ ಬ್ಯಾಂಕ್ ಮಾಡಿದ್ದೂ ಇದೇ ದಾರಿಯದ್ದು. 2021ರ ಅಕ್ಟೋಬರ್ 1ರಿಂದ ಕಾರ್ಡಿನಲ್ಲಿ ತಾನಾಗಿ ಕಟ್ ಆಗುವ ಚಂದಾಗಳಿಗೆ 24 ಗಂಟೆ ಮೊದಲೇ ತಿಳಿಸಬೇಕು. ನಾಳೆ ಇಷ್ಟು ದುಡ್ಡು ಹೋಗುತ್ತೆ, ಬೇಡವಾದರೆ ಇವತ್ತೇ ಹೇಳಿ ಅಂತ. ಶುರುವಿನಲ್ಲಿ ಎಷ್ಟೋ ಜನರ ಚಂದಾ ನಿಂತುಹೋಗಿ ಗೊಣಗಾಟ ಆಯ್ತು. ಇಲ್ಲಿನ ನನ್ನ ಗೆಳೆಯರೂ ಭಾರತದಲ್ಲಿ ಎಲ್ಲಕ್ಕೂ ಓಟಿಪಿ ಅಂತ ಬೇಸರ ಪಡುತ್ತಾರೆ. ನನಗೆ ಆ ಬೇಸರ ಇಲ್ಲ. ದುಡ್ಡು ಹೋದ ಮೇಲೆ ವಾಪಸ್ ಕೇಳುವುದಕ್ಕಿಂತ ಹೋಗುವ ಮೊದಲು ಒಂದು ಸಲ ಜಾಸ್ತಿ ಒತ್ತುವುದು ಎಷ್ಟೋ ವಾಸಿ.

ಬ್ರಿಟನ್ ಏನೂ ಮಾಡಿಲ್ಲ ಅಂತಲ್ಲ. ಈ ವ್ಯವಹಾರಕ್ಕಂತಲೇ ಇಲ್ಲಿ 1986ರಿಂದ ಒಂದು ಸಂಸ್ಥೆ ಇತ್ತು. ಆಮೇಲೆ ಅದಕ್ಕೆ ಫೋನ್‌ಪೇಪ್ಲಸ್ ಅಂತ ಹೆಸರಾಯಿತು, 2016ರಲ್ಲಿ ಫೋನ್-ಪೇಯ್ಡ್ ಸರ್ವೀಸಸ್ ಅಥಾರಿಟಿ. ಕಂಪನಿಗಳಿಗೆ ದಂಡ ಹಾಕಿತು, ಕೆಲವನ್ನು ಮಾರುಕಟ್ಟೆಯಿಂದ ಹೊರಗೂ ಹಾಕಿತು. ಆದರೆ ಎಲ್ಲ ಚಂದಾ ಸೇವೆಗಳಿಗೂ ಎರಡು ಹಂತದ ಒಪ್ಪಿಗೆ ಕಡ್ಡಾಯ ಆದದ್ದು 2019ರ ನವೆಂಬರಿನಲ್ಲಿ. ಟ್ರಾಯ್ ಆದೇಶಗಳು ಬಂದು ಆಗಲೇ ವರ್ಷಗಳೇ ಕಳೆದಿದ್ದವು. 2025ರ ಫೆಬ್ರವರಿಯಿಂದ ಈ ಕೆಲಸ ಪೂರ್ತಿ ಆಫ್‌ಕಾಮ್ ಕೈಗೆ ಬಂದಿದೆ. ಟೆಲಿಕಾಂ ಕಂಪನಿಗಳನ್ನು ನೋಡಿಕೊಳ್ಳುವ ಸಂಸ್ಥೆಯೇ ಇದನ್ನೂ ನೋಡಿಕೊಳ್ಳುವುದು ಒಳ್ಳೆಯದೇ. ಕೇಳದೆ ಬಂದ ಜಾಹೀರಾತಿನ ದೂರು ಮಾತ್ರ ಈಗಲೂ ಬೇರೆ ಕಡೆಗೆ, ಜನರ ಖಾಸಗಿ ಮಾಹಿತಿಯ ರಕ್ಷಣೆ ನೋಡಿಕೊಳ್ಳುವ ಸಂಸ್ಥೆಗೆ. ಮೆಸೇಜು ಒಂದೇ, ಅದು ಬಂದದ್ದಕ್ಕೆ ಒಂದು ಬಾಗಿಲು, ದುಡ್ಡು ಹೋದದ್ದಕ್ಕೆ ಇನ್ನೊಂದು ಬಾಗಿಲು.

ನೆಟ್‌ವರ್ಕುಗಳು ಯಾಕೆ ತಾವಾಗಿ ಬಾಗಿಲು ಹಾಕಲಿಲ್ಲ ಅಂತ ಯೋಚಿಸುವವರು ಅಮೆರಿಕದ ಕಡೆ ನೋಡಬೇಕು. ಅಲ್ಲಿ ಇದಕ್ಕೆ ಕ್ರ್ಯಾಮಿಂಗ್ ಅಂತಾರೆ. ದಿನಭವಿಷ್ಯ, ಸಿನಿಮಾ ಮಂದಿಯ ಗಾಸಿಪ್ ಹೆಸರಿನಲ್ಲಿ ತಿಂಗಳಿಗೆ 9.99 ಡಾಲರ್ ಬಿಲ್ಲಿಗೆ ಸೇರುತ್ತಿತ್ತು. 2014ರ ಜುಲೈನಲ್ಲಿ ಗ್ರಾಹಕರ ಹಿತ ಕಾಯುವ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಟಿ-ಮೊಬೈಲ್ ನೆಟ್‌ವರ್ಕ್ ಮೇಲೆ ಮೊಕದ್ದಮೆ ಹಾಕಿತು. ಇಂಥ ಚಾರ್ಜುಗಳಲ್ಲಿ ಕಂಪನಿಗೆ ಶೇಕಡಾ 35ರಿಂದ 40ರಷ್ಟು ಪಾಲು ಸಿಗುತ್ತಿತ್ತು ಅನ್ನುವುದು ಕಮಿಷನ್ನಿನ ಆರೋಪ. ಆ ವರ್ಷದ ಡಿಸೆಂಬರಿನಲ್ಲಿ ಕಂಪನಿ ಕನಿಷ್ಠ 9 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಎಟಿ ಆ್ಯಂಡ್ ಟಿ, ವೆರೈಝನ್, ಸ್ಪ್ರಿಂಟ್ ಕೂಡ ರಾಜಿಗೆ ಬಂದವು. ನಾಲ್ಕೂ ಸೇರಿ 35 ಕೋಟಿ ಡಾಲರಿಗೂ ಜಾಸ್ತಿ. ಪ್ರತಿ ನೂರರಲ್ಲಿ ಅಷ್ಟು ಪಾಲು ಬರುತ್ತಿದ್ದರೆ, ಗ್ರಾಹಕನ ದೂರನ್ನು ಹೊರಗಿನ ಕಂಪನಿಯ ಕಡೆ ಕೈತೋರಿಸಿ ಕಳಿಸುವುದು ಯಾರಿಗೂ ಕಷ್ಟವಲ್ಲ, ಅಲ್ವಾ?

ನಮ್ಮ ದೇಶದ ಪದ್ಧತಿಯಲ್ಲಿ ನನಗೆ ನೋವು ಕೊಡುವುದು ಭಾಷೆ. ಒಪ್ಪಿಗೆ ಕೇಳುವ ಮೆಸೇಜು ಎಷ್ಟೋ ಸಲ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ. ಗದಗಿನ ರೈತನಿಗೆ ಕನ್ನಡದಲ್ಲಿ ಕೇಳದೆ ಪಡೆದ ಹೂಂಗೆ ಏನು ಬೆಲೆ? ಎರಡು ಸಲ ಕೇಳಿದರೂ ಅರ್ಥವಾಗದ್ದು ಅರ್ಥವಾಗದ್ದೇ. ಈಗ ಅನ್‌ಲಿಮಿಟೆಡ್ ಪ್ಯಾಕ್ ಬಂದು ಹೆಚ್ಚಿನವರ ಮೇನ್ ಬ್ಯಾಲೆನ್ಸ್ ಸೊನ್ನೆ ಇರುವುದರಿಂದ ಕತ್ತರಿಸಲು ಏನೂ ಉಳಿದಿಲ್ಲ, ಆ ಕಾಟ ತಗ್ಗಿದೆ. ಆದರೆ ಖಾತೆಯಿಂದ ಕಂತು ತಾನಾಗಿ ಕಟ್ ಆಗುವ ಯುಪಿಐ ಆಟೋಪೇ ಇದೆ. ಅಲ್ಲಿ ಬರುವ ಒಪ್ಪಿಗೆಯ ಪರದೆ ಕನ್ನಡದಲ್ಲಿ, ಸಲೀಸಾಗಿ ಓದುವ ಕನ್ನಡದಲ್ಲಿ ಇರಲೇಬೇಕು ಅಂತ ನಾವು ಒತ್ತಾಯ ಮಾಡಬೇಕು.

ಇಲ್ಲಿ ನಾನು ಬಯಸುವುದು ಒಂದೇ ಬದಲಾವಣೆ. ಹೊಸ ಸಿಮ್ ಕೊಡುವಾಗ ಹೊರಗಿನವರು ಬಿಲ್ಲಿಗೆ ದುಡ್ಡು ಹಾಕುವ ದಾರಿ ಮುಚ್ಚಿರಬೇಕು. ಬೇಕಾದವರು ಕೇಳಿ ತೆರೆಸಿಕೊಳ್ಳಲಿ. ಈಗ ಹೆಚ್ಚಾಗಿ ಇರುವುದು ಉಲ್ಟಾ, ತೆರೆದೇ ಇರುತ್ತದೆ, ಗೊತ್ತಿದ್ದವರು ಕೇಳಿ ಮುಚ್ಚಿಸಬೇಕು. ಗೊತ್ತಿಲ್ಲದವರು ಯಾರು? ಸೆಪ್ಟೆಂಬರಿನಲ್ಲಿ ಓದಲು ಬಂದಿಳಿಯುವ ಮಕ್ಕಳು, ಆರು ತಿಂಗಳ ವೀಸಾದಲ್ಲಿ ಬರುವ ನಮ್ಮ ಅಪ್ಪ ಅಮ್ಮಂದಿರು, ಇಲ್ಲೇ ಹುಟ್ಟಿ ಬೆಳೆದು ಒಂಟಿಯಾಗಿರುವ ವಯಸ್ಸಾದವರು. ನಮ್ಮ ಪಕ್ಕದ ಮನೆಯ ಅಜ್ಜಿಯ ಬಿಲ್ಲಿನಲ್ಲೂ ಇಂಥ ಸಾಲುಗಳಿದ್ದವು. ಅವರು ಇಂಗ್ಲಿಷಿನವರೇ.

ನಿಯಮ ಬದಲಾಗುವವರೆಗೆ, ಈ ಬೇಸಿಗೆಗೆ ಊರಿನಿಂದ ತಂದೆ ತಾಯಿಯನ್ನು ಕರೆಸಿಕೊಳ್ಳುವವರು ಸಿಮ್ ಹಾಕಿಕೊಡುವ ದಿನವೇ ನೆಟ್‌ವರ್ಕಿಗೆ ಫೋನ್ ಮಾಡಿ, 'ಚಾರ್ಜ್ ಟು ಬಿಲ್' (ಹೊರಗಿನವರ ದುಡ್ಡು ಫೋನ್ ಬಿಲ್ಲಿಗೆ ಸೇರುವುದು) ಮತ್ತು ಪ್ರೀಮಿಯಂ ಟೆಕ್ಸ್ಟ್ ಎರಡಕ್ಕೂ ಬಾರ್, ಅಂದರೆ ತಡೆ, ಹಾಕಿ ಅಂತ ಕೇಳಿ. ಎರಡನ್ನೂ ಹೆಸರು ಹೇಳಿಯೇ ಕೇಳಿ. ಒಂದಕ್ಕೆ ಹಾಕಿದರೆ ಇನ್ನೊಂದಕ್ಕೂ ಬಿತ್ತು ಅಂದುಕೊಳ್ಳಬೇಡಿ. ಬಾರ್ ಬಿದ್ದದ್ದಕ್ಕೆ ಮೆಸೇಜು ಇಲ್ಲವೇ ಇಮೇಲ್ ತರಿಸಿಕೊಂಡು ಇಟ್ಟುಕೊಳ್ಳಿ. ಆಮೇಲೂ ಬಿಲ್ಲಿನಲ್ಲಿ ಐದಂಕಿಯ ಸಾಲು ಕಂಡರೆ, ಹೊರಗಿನ ಕಂಪನಿಯ ನಂಬರ್ ಕೊಟ್ಟು ಸಾಗಹಾಕಲು ಬಿಡಬೇಡಿ. 'ಬಿಲ್ಲು ಕಳಿಸಿದ್ದು ನೀವು, ದೂರನ್ನು ನೀವೇ ದಾಖಲಿಸಿಕೊಳ್ಳಿ, ದೂರಿನ ನಂಬರ್ ಕೊಡಿ' ಅಂತ ನೆಟ್‌ವರ್ಕಿನವರ ಹತ್ತಿರ ಅಲ್ಲೇ ಪಟ್ಟು ಹಿಡಿಯಿರಿ.