ಹಾಲಿನ ಪರೀಕ್ಷೆ ನಗರಸಭೆಯ ಕೈಯಲ್ಲಿದ್ದದ್ದು ಸರಿಯೇ? ಅಮೆರಿಕದ ಹಳೆಯ ಅನುಭವ

ಪರ

ಕರೆದ ಕೆಲವೇ ಗಂಟೆಗಳಲ್ಲಿ ಕೆಡುವ ಹಾಲನ್ನು ಕೊಟ್ಟಿಗೆಯಲ್ಲೂ ಗಾಡಿಯಲ್ಲೂ ಅಂಗಡಿಯಲ್ಲೂ ಸಮಯಕ್ಕೆ ಸರಿಯಾಗಿ ನೋಡಬಲ್ಲವನು ಊರಿನಲ್ಲೇ ಇರುವ ಅಧಿಕಾರಿಯೇ ಹೊರತು ದೂರದ ರಾಜಧಾನಿಯಲ್ಲಿ ಕುಳಿತವನಲ್ಲ. ಬಾಸ್ಟನ್ ನಗರವು 1859ರಲ್ಲಿಯೇ ಹಾಲಿನ ನಿರೀಕ್ಷಕನನ್ನು ನೇಮಿಸಿತು. ಅಂದಿನ ಮುಖ್ಯ ಸಾಧನವಾಗಿದ್ದ ಲ್ಯಾಕ್ಟೋಮೀಟರ್ ಹಾಲಿನ ಸಾಂದ್ರತೆಯನ್ನಷ್ಟೇ ತೋರಿಸುತ್ತಿತ್ತು. ಕೆನೆ ತೆಗೆದರೆ ಸಾಂದ್ರತೆ ಏರುತ್ತದೆ, ನೀರು ಬೆರೆಸಿದರೆ ಇಳಿಯುತ್ತದೆ, ಹೀಗಾಗಿ ಎರಡನ್ನೂ ಲೆಕ್ಕ ಹಾಕಿ ಮಾಡಿದವನು ಸುಲಭವಾಗಿ ಪಾರಾಗುತ್ತಿದ್ದ. 1890ರಲ್ಲಿ ಮ್ಯಾಡಿಸನ್ ನಗರದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ಬಾಬ್‌ಕಾಕ್ ಅವರು, ಹಾಲಿಗೆ ಗಂಧಕಾಮ್ಲ ಸೇರಿಸಿ, ಸೀಸೆಯನ್ನು ವೇಗವಾಗಿ ತಿರುಗಿಸಿ, ಮೇಲೆ ಬಂದ ಕೊಬ್ಬನ್ನು ನೇರವಾಗಿ ಅಳೆಯುವ ವಿಧಾನವನ್ನು ರೂಪಿಸಿದ ಮೇಲೆ ಈ ಮೋಸವನ್ನು ಹಿಡಿಯುವುದು ಸಾಧ್ಯವಾಯಿತು.

ಆದರೆ ಕೊಬ್ಬು ಸರಿಯಿದ್ದ ಹಾಲಿನಲ್ಲಿಯೂ ಕ್ಷಯದ ರೋಗಾಣು ಇರಬಹುದು. ಹಾಲನ್ನು ಕಾಯಿಸಿ ರೋಗಾಣುಗಳನ್ನು ಕೊಲ್ಲುವ ಪಾಶ್ಚರೀಕರಣಕ್ಕೆ ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಇಲ್ಲದ ಕಾಲದಲ್ಲಿ, 1908ರಲ್ಲಿ, ಕ್ಷಯವನ್ನು ಪತ್ತೆಹಚ್ಚುವ ಟ್ಯೂಬರ್ಕ್ಯುಲಿನ್ ಪರೀಕ್ಷೆಯಾಗದ ಹಸುಗಳ ಹಾಲನ್ನು ಪಾಶ್ಚರೀಕರಿಸಲೇಬೇಕೆಂದು ವಿಧಿಸಿದ ಮೊದಲ ದೊಡ್ಡ ನಗರ ಶಿಕಾಗೊ. ಆಗ ಅಡ್ಡ ಬಂದದ್ದು ಅದರ ಮೇಲಿನ ಸರ್ಕಾರವೇ: ಯಾವ ನಗರವೂ ಹಸುಗಳಿಗೆ ಆ ಪರೀಕ್ಷೆಯನ್ನು ಕಡ್ಡಾಯ ಮಾಡಕೂಡದೆಂದು ಇಲಿನಾಯ್ ಶಾಸನಸಭೆ 1911ರಲ್ಲಿ ಕಾನೂನು ತಂದಿತು. ಅತ್ತ ಮಿಲ್ವಾಕಿ ನಗರದ ಇಂಥದೇ ನಿಯಮವನ್ನು 1913ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹಾಲು ಉತ್ಪಾದಿಸುವವರ ಮಾತಿಗೆ ರಾಜ್ಯ ಮಣಿದಾಗ, ಆ ಹಾಲನ್ನು ಕುಡಿಯುವ ಕೂಸುಗಳ ಪರವಾಗಿ ನಿಂತದ್ದು ನಗರವೇ.

ವಿರೋಧ

ಮಣಿಯುವುದು ರಾಜ್ಯವೊಂದೇ ಅಲ್ಲ. ಸಾರಾಯಿ ಬಟ್ಟಿಗಳ ಗಸಿ ತಿಂದು, ಕತ್ತಲ ಕೊಟ್ಟಿಗೆಗಳಲ್ಲಿ ಹುಣ್ಣಾಗಿ ನಿಂತಿದ್ದ ಹಸುಗಳ ಹಾಲು ಮಕ್ಕಳನ್ನು ಕೊಲ್ಲುತ್ತಿದೆಯೆಂದು ನ್ಯೂಯಾರ್ಕಿನ ಪತ್ರಿಕೆಯೊಂದು 1858ರಲ್ಲಿ ಚಿತ್ರಸಮೇತ ಬಯಲಿಗೆಳೆದಾಗ, ನಗರಸಭೆಯ ತನಿಖಾ ಸಮಿತಿಯು ಆ ಕೊಟ್ಟಿಗೆಗಳ ಒಡೆಯರನ್ನು ರಕ್ಷಿಸುವ ವರದಿ ಕೊಟ್ಟಿತು. ಅಂಥ ಹಾಲನ್ನು ನಿಷೇಧಿಸಲು 1862ರ ರಾಜ್ಯ ಕಾನೂನೇ ಬರಬೇಕಾಯಿತು. ಊರಿನವನೆಂಬ ಮಾತ್ರಕ್ಕೆ ನಿರೀಕ್ಷಕ ನಿಷ್ಪಕ್ಷಪಾತಿಯಾಗುವುದಿಲ್ಲ. ಅವನಿಗೆ ಹಾಲಿನವರೂ ಅಷ್ಟೇ ಹತ್ತಿರದವರು.

ಇದಕ್ಕಿಂತ ಆಳವಾದ ದೋಷವೆಂದರೆ, ರೈಲಿನಲ್ಲಿ ಬರುವ ಹಾಲಿಗೆ ಊರೂರಿಗೊಂದು ನಿಯಮ. ಒಕ್ಕೂಟ ಸರ್ಕಾರದ ಸಾರ್ವಜನಿಕ ಆರೋಗ್ಯ ಸೇವೆಯು 1924ರಲ್ಲಿ ಮಾದರಿ ನಿಯಮಾವಳಿಯನ್ನು ರೂಪಿಸಿದ್ದೇ ಈ ಗೊಂದಲವನ್ನು ನಿವಾರಿಸಲು. ಅದನ್ನು ಒಪ್ಪುವುದು ಬಿಡುವುದು ಆಯಾ ಸ್ಥಳದ ಇಚ್ಛೆಯಾಗಿತ್ತು. ಬಾಬ್‌ಕಾಕ್ ಅವರ ಮ್ಯಾಡಿಸನ್ ನಗರವೇ ಮುಂದೆ, ತನ್ನ ಮಧ್ಯದ ಚೌಕದಿಂದ 5 ಮೈಲಿಯೊಳಗಿನ ಘಟಕದಲ್ಲಿ ಪಾಶ್ಚರೀಕರಣವಾಗದ ಹಾಲನ್ನು ಪಾಶ್ಚರೀಕರಿಸಿದ್ದೆಂದು ಊರಿನಲ್ಲಿ ಮಾರಕೂಡದೆಂದು ವಿಧಿಸಿತು. ಇಲಿನಾಯ್‌ನಲ್ಲಿ 65 ಮತ್ತು 85 ಮೈಲಿ ದೂರದ ಘಟಕಗಳಲ್ಲಿ ಪಾಶ್ಚರೀಕರಣವಾಗಿ, ಶಿಕಾಗೊದ ಅಧಿಕಾರಿಗಳೇ ಪರಿಶೀಲಿಸಿ 'ಎ' ದರ್ಜೆ ಕೊಟ್ಟ ಹಾಲಿಗೂ ಮ್ಯಾಡಿಸನ್‌ನಲ್ಲಿ ಪ್ರವೇಶವಿರಲಿಲ್ಲ. ಇದು ಆರೋಗ್ಯದ ಹೆಸರಿನಲ್ಲಿ ಊರಿನ ವ್ಯಾಪಾರಕ್ಕೆ ಕಟ್ಟಿದ ಬೇಲಿಯೆಂದೇ ನನ್ನ ಎಣಿಕೆ. 1951ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ರದ್ದುಪಡಿಸಿತು. ಮಾದರಿ ನಿಯಮಾವಳಿಯ ದಾರಿ ಹಿಡಿದರೂ ಜನರ ಆರೋಗ್ಯಕ್ಕೆ ಸಾಕಷ್ಟು ರಕ್ಷಣೆ ಸಿಗುತ್ತದೆಯೆಂದು ಆ ವಿಚಾರಣೆಯಲ್ಲಿ ಸಾಕ್ಷ್ಯ ನುಡಿದವರು ಮ್ಯಾಡಿಸನ್‌ನ ಆರೋಗ್ಯಾಧಿಕಾರಿಯೇ.